ಕೆಲಸ ಹೋದವರ ಕೈ ಬಿಡಬಾರದು
(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಈ ಸಂತೋಷದ ದಿನ ಸಾಲ, ಠೇವಣಿಯ ಮಾತು ಬಿಟ್ಟು, ಲೆಕ್ಕದ ಪುಸ್ತಕಕ್ಕೆ ಸಿಗದ ಒಂದು ನಷ್ಟದ ಬಗ್ಗೆ ಹೇಳುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದವರನ್ನು ನಾವೆಲ್ಲ ನೋಡಿದ್ದೇವೆ. ಸಂಬಳ ನಿಂತದ್ದು ಎಲ್ಲರಿಗೂ ಕಂಡಿತು. ಮನಸ್ಸು ಕುಸಿದದ್ದು ಎಷ್ಟು ಮಂದಿಗೆ ಕಂಡಿತು?

ಆಸ್ಟ್ರಿಯಾ ದೇಶದಲ್ಲಿ ಮರಿಯೆಂಟಾಲ್ ಅಂತ ಒಂದು ಹಳ್ಳಿ. ಊರಿನ ಹೊಟ್ಟೆಪಾಡೆಲ್ಲ ಒಂದೇ ಬಟ್ಟೆ ಗಿರಣಿಯ ಮೇಲೆ. 1930ರ ಸುಮಾರಿಗೆ ಅದು ಮುಚ್ಚಿತು. ಮೇರಿ ಯಹೋದಾ ಮತ್ತು ಸಂಗಡಿಗರು ಅಲ್ಲಿನ 478 ಕುಟುಂಬಗಳನ್ನು ವಿಚಾರಿಸಿ 1933ರಲ್ಲಿ ಪುಸ್ತಕ ತಂದರು. ಬಿಡುವು ಬೇಕಾದಷ್ಟು ಇದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ದಿನವೆಲ್ಲ ಏನು ಮಾಡಿದೆ ಅಂದರೆ ಹೇಳಲು ತೋಚದು. ಅಂದರೆ ಕೆಲಸ ಬರೀ ಸಂಬಳವಲ್ಲ. ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ, ನನ್ನಿಂದ ಉಪಯೋಗ ಉಂಟು ಅನ್ನುವ ಹೆಮ್ಮೆ, ಇವೂ ಅದರಲ್ಲಿವೆ.

ಸಂಬಳ ಕೊಡುವುದು ಮನೆಯವರ ಕೈಲಾಗದು. ಈ ಮೂರನ್ನು ಕೊಡಬಹುದು. ಡೇರಿಗೆ ಹಾಲು ಹಾಕುವುದೋ, ಮಕ್ಕಳಿಗೆ ಪಾಠ ಹೇಳುವುದೋ, ಒಂದು ಜವಾಬ್ದಾರಿ ಅವನದೇ ಅಂತ ಬಿಡಿ. ಮದುವೆ, ಜಾತ್ರೆಗೆ ಜೊತೆಗೆ ಕರೆದುಕೊಂಡು ಹೋಗಿ. ಮನೆ ಖರ್ಚು, ಸಾಲದ ಕಂತು ಮುಚ್ಚಿಡದೆ ಅವನನ್ನೂ ಕೂರಿಸಿಕೊಂಡು ಮಾತಾಡಿ. ಊಟಕ್ಕೆ ಕೂತಾಗ "ಏನಾಯ್ತಪ್ಪಾ ಕೆಲಸ?" ಅಂತ ದಿನಾ ಕೇಳಬೇಡಿ. ಪಕ್ಕದ ಮನೆ ಹುಡುಗನ ಸಂಬಳದ ಸುದ್ದಿ ತಟ್ಟೆಯ ಮುಂದೆ ಬೇಡವೇ ಬೇಡ. ಕೆಲಸ ಕಳೆದುಕೊಂಡ ಹೆಣ್ಣುಮಗಳಿಗೂ ಇದೇ ಮಾತು. ಹೇಗೂ ಮನೆಯಲ್ಲೇ ಇದ್ದಾಳಲ್ಲ ಅಂತ ಎಲ್ಲ ಚಾಕರಿ ಅವಳ ತಲೆಗೆ ಕಟ್ಟಬೇಡಿ.

ಎರಡು ವಾರವಾದರೂ ನಿದ್ದೆಯಿಲ್ಲ, ಊಟ ಸೇರದು, ಯಾರೊಡನೆಯೂ ಮಾತಿಲ್ಲ, ಕುಡಿತ ಹೆಚ್ಚಿದೆ ಅಂದರೆ ಅದನ್ನು ಸೋಮಾರಿತನ ಅನ್ನಬೇಡಿ, ವೈದ್ಯರಿಗೆ ತೋರಿಸಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಒಂದು ಗಳಿಗೆಯೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಂಧುಗಳೇ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತೇ ಈ ಸಂಘ ಬೆಳೆದಿದೆ. ಕೆಲಸ ಹೋದವರ ಧೈರ್ಯಕ್ಕೂ ಮನೆಯವರು ಹಾಗೆಯೇ ಜಾಮೀನು ನಿಲ್ಲಲಿ.