ಆರೋಗ್ಯದ ಅಂತರ ಅಳೆಯುವ ಓದು



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಇಂದು ಮಕ್ಕಳಿಗೆ ಹೇಳಬೇಕೆನಿಸಿದ್ದು ಬೇರೊಂದು ಓದಿನ ಬಗ್ಗೆ: ಸಾರ್ವಜನಿಕ ಆರೋಗ್ಯ. ಗೋಕಾಕ ಪೇಟೆಯ ಬಾಣಂತಿಗೆ ಬೇಗ ಸಿಗುವ ಆರೈಕೆ ಮೂಡಲಗಿ, ಹುಕ್ಕೇರಿ ಕಡೆಯ ತೋಟಪಟ್ಟಿಯ ಬಾಣಂತಿಗೂ ಸಿಗುವುದು ಹೇಗೆ ಎಂದು ಕೇಳುವ ಓದು ಅದು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಪಾಠವಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು. ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಮನೆಯಲ್ಲಿ ಹೆರುವವರಿಗೆ ಅದೆಲ್ಲಿ ಸಿಕ್ಕೀತು? ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಜಿಲ್ಲೆಯ ಹಳ್ಳಿಗಳ 1620 ತಾಯಂದಿರ ಅಧ್ಯಯನ ನಡೆಸಿದರು. ಅರ್ಧದಷ್ಟು ಮಂದಿಗೆ ದಾದಿಯರು ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. ಅದಿಲ್ಲದವರಲ್ಲಿ ಶೇ. 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾಯಿತು; ಗುಳಿಗೆ ಪಡೆದವರಲ್ಲಿ ಶೇ. 6.4. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಲೆಕ್ಕ ಹುಟ್ಟಿದ್ದು ಹಳ್ಳಿಗಳಲ್ಲಿ. ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣವಿದೆ. ನೌಕರಿಯಲ್ಲಿರುವವರಿಗೆ ಸರ್ಟಿಫಿಕೇಟ್ ಕೋರ್ಸುಗಳೂ ಬೇರೆ ಬೇರೆ ಕಡೆ ಇವೆ. ಲೆಕ್ಕವನ್ನೂ ಹಳ್ಳಿಯನ್ನೂ ಬಲ್ಲ ನಮ್ಮ ಶಾಲೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇದನ್ನು ಓದಲಿ. ಮೊದಲು ಹೊರಡುವ ಹುಡುಗಿಯ ಶುಲ್ಕದಲ್ಲಿ ನನ್ನದೊಂದು ಪಾಲು ಇರುತ್ತದೆ. ಗೆಳೆಯರೇ, ಉಳಿದ ಪಾಲು ನಿಮ್ಮದು.