ನಲ್ಲಿಯ ನೀರೂ ದಿನದ ಲೆಕ್ಕವೂ

ಪಟ್ಟಣವಾಸಿಗಳಾದ ನಾವು ಬಾವಿಯ ಹಗ್ಗವನ್ನು ಕೈಬಿಟ್ಟು ಬಹುಕಾಲವಾಯಿತು. ಬಾವಿಕಟ್ಟೆಯ ಸುತ್ತ ಕೊಳೆ ನಿಂತರೆ ಆಗ ಮನೆಯವರೇ ಕಂಡು ತೆಗೆಯುತ್ತಿದ್ದರು. ಈಗ ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಅದನ್ನು ಯಾರು ಪರೀಕ್ಷಿಸಿದರೆಂದು ವಿಚಾರಿಸುವವರು ವಿರಳ. ಈ ನಂಬಿಕೆಗಾಗಿ ಒಂದು ಊರು ತೆತ್ತ ಬೆಲೆಯನ್ನು ಇಂದು ಹೇಳಬೇಕೆಂದಿದ್ದೇವೆ.

ಕೆನಡಾ ದೇಶದ ಒಂಟೇರಿಯೋ ಪ್ರಾಂತ್ಯದಲ್ಲಿ ವಾಕರ್‌ಟನ್ ಎಂಬ ಸಣ್ಣ ಪಟ್ಟಣವಿದೆ. 2000ನೆಯ ಇಸವಿ ಮೇ ತಿಂಗಳಲ್ಲಿ ಅಲ್ಲಿ ಭಾರಿ ಮಳೆಯಾಗಿ, ಹತ್ತಿರದ ಹೊಲದ ದನದ ಗೊಬ್ಬರದಲ್ಲಿದ್ದ ರೋಗಾಣುಗಳು ಪಟ್ಟಣಕ್ಕೆ ನೀರೊದಗಿಸುವ ಒಂದು ಬಾವಿಗೆ ಇಳಿದವು. ರೈತನದು ತಪ್ಪಲ್ಲವೆಂದು ಮುಂದೆ ವಿಚಾರಣೆಯಲ್ಲಿ ನಿರ್ಣಯವಾಯಿತು. ಇಂತಹ ರೋಗಾಣುಗಳನ್ನು ಕೊಲ್ಲಲೆಂದೇ ನೀರಿಗೆ ಕ್ಲೋರಿನ್ ಬೆರೆಸುವುದು. ಬೆರೆಸಿದ ಮೇಲೆ ಎಷ್ಟು ಉಳಿದಿದೆಯೆಂದು ದಿನವೂ ಅಳೆದು ಪುಸ್ತಕದಲ್ಲಿ ಬರೆಯತಕ್ಕದ್ದು. ಅಲ್ಲಿನ ಕೆಲಸಗಾರರು ಅಳೆಯುತ್ತಿರಲಿಲ್ಲ, ಬರೆಯುತ್ತಿದ್ದರು! ಪುಟಪುಟಗಳಲ್ಲಿಯೂ ಬಹುಮಟ್ಟಿಗೆ 0.5, 0.75 ಎಂಬ ಎರಡೇ ಅಂಕಿಗಳು. ಅವರನ್ನು ದುಷ್ಟರೆನ್ನಲು ನಮಗೆ ಮನಸ್ಸು ಬಾರದು. ಕ್ಲೋರಿನ್ ಸೇರದ ನೀರೇ ಒಳ್ಳೆಯದೆಂದು ನಂಬಿ ತಾವೂ ಅದನ್ನೇ ಕುಡಿಯುತ್ತಿದ್ದರು.

17ನೆಯ ತಾರೀಖು ನೀರು ಕೆಟ್ಟಿರುವುದನ್ನು ಪ್ರಯೋಗಶಾಲೆಯವರು ವ್ಯವಸ್ಥಾಪಕನಿಗೆ ತಿಳಿಸಿದರು. ಮರುದಿನವೇ ರಕ್ತಭೇದಿಯಿಂದ ಮಕ್ಕಳು ಆಸ್ಪತ್ರೆ ಸೇರಿದರು. ಆರೋಗ್ಯ ಇಲಾಖೆಯವರು 19ರಂದೂ 20ರಂದೂ ವಿಚಾರಿಸಿದಾಗ, ನೀರಿಗೆ ಏನೂ ಆಗಿಲ್ಲವೆಂದೇ ಆತನ ಉತ್ತರ. 21ರಂದು ಅವರು ತಾವಾಗಿಯೇ ನೀರನ್ನು ಕುದಿಸಿ ಕುಡಿಯಿರೆಂದು ಸಾರಿದರು. ಸತ್ತವರು 7 ಮಂದಿ. ಕಾಯಿಲೆ ಬಿದ್ದವರು 2,300ಕ್ಕೂ ಹೆಚ್ಚು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರು ವಿಚಾರಣೆ ನಡೆಸಿ 2002ರಲ್ಲಿ ವರದಿಯನ್ನೊಪ್ಪಿಸಿದರು. ತಪ್ಪು ಇಬ್ಬರದು ಮಾತ್ರವಾಗಿರಲಿಲ್ಲ. ಕ್ಲೋರಿನ್ ಸಾಲದೆಂದು 1998ರಲ್ಲಿಯೇ ತನಿಖೆಯ ವರದಿ ಬಂದಿದ್ದಿತು. ನೀರಿನ ಮಂಡಲಿಯ ಸದಸ್ಯರು ವ್ಯವಸ್ಥಾಪಕನ ಮಾತಿನಮೇಲೆ ಸುಮ್ಮನಾದರು, ಸರ್ಕಾರದವರು ಮತ್ತೆ ಬಂದು ನೋಡಲಿಲ್ಲ. ಸರ್ಕಾರಿ ಪ್ರಯೋಗಶಾಲೆಗಳನ್ನು 1996ರಲ್ಲಿಯೇ ಮುಚ್ಚಲಾಗಿತ್ತು. ಖಾಸಗಿಯವರು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕೆಂಬ ಕಾನೂನಿರಲಿಲ್ಲ. ಆದರೂ ಸೆರೆಮನೆಗೆ ಹೋದವನು ವ್ಯವಸ್ಥಾಪಕನೊಬ್ಬನೇ, 2004ರಲ್ಲಿ, ಒಂದು ವರ್ಷದ ಶಿಕ್ಷೆ; ಅವನ ಕೈಕೆಳಗಿನವನಿಗೆ 9 ತಿಂಗಳ ಗೃಹಬಂಧನ. ಇದು ನಮಗೆ ಅಷ್ಟಾಗಿ ಸಮಾಧಾನ ತರುವುದಿಲ್ಲ. ಅಲ್ಲಿನವರಿಗೂ ತಂದಂತಿಲ್ಲ, ನೀರಿನ ಮೇಲ್ವಿಚಾರಣೆಯಲ್ಲಿ ಎಚ್ಚರ ತಪ್ಪಿದರೆ ಪುರಸಭೆಯ ಸದಸ್ಯನನ್ನೇ ಶಿಕ್ಷಿಸಬಹುದಾದ ವಿಧಿಯು 2013ರಿಂದ ಅಲ್ಲಿ ಜಾರಿಯಲ್ಲಿದೆ.

ನಮ್ಮಲ್ಲಿ? 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ, 10 ರೂಪಾಯಿ ಶುಲ್ಕ ತೆತ್ತು ಅರ್ಜಿ ಕೊಟ್ಟವರು ನೀರಿನ ಲೆಕ್ಕದ ಪುಸ್ತಕವನ್ನು ನೋಡಬಹುದು. ದೃಢೀಕರಿಸಿದ ಮಾದರಿಯನ್ನೂ ಕೇಳಬಹುದು. ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಿಮೆಯಿರಬಾರದೆಂಬುದು ಭಾರತೀಯ ಮಾನಕ. ದಿನದಿನವೂ ಒಂದೇ ಅಂಕಿ ಕಂಡುಬಂದಲ್ಲಿ, ಅದನ್ನು ಅಳೆದವರು ಯಾರು, ಯಾವ ಉಪಕರಣದಿಂದ ಅಳೆದರು ಎಂದು ಅಲ್ಲಿಯೇ ಕೇಳತಕ್ಕದ್ದು.