ಅಂಬಿಗನ ಆಯ

ಸಾಹಸಕ್ಕೆ ಹೋಗಿ ಆಪತ್ತಿಗೆ ಸಿಕ್ಕವರನ್ನು ಉಳಿಸಿದ ಖರ್ಚನ್ನು ಅವರಿಂದಲೇ ವಸೂಲು ಮಾಡಬೇಕೆಂಬ ವಾದ ತುಂಗಭದ್ರೆಯ ದಂಡೆಗೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಹಂಪಿ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ವಾಯುಪಡೆಯ ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೋದ ದೋಣಿಯೊಂದು ಮಗುಚಿ, ಅದರಲ್ಲಿದ್ದ ಸಿಬ್ಬಂದಿಯನ್ನೇ ಉಳಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಂಡೆಯಿಂದ ಹೊಳೆಗೆ ಜಿಗಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಾಗ ಬಹು ಹೊತ್ತು ಹುಡುಕಾಟ ನಡೆದು, ಕೊನೆಗೆ ಸಿಕ್ಕಿದ್ದು ಶವ.

ಕನ್ನಡಿಗರ ಆಪತ್ತು ಹೊಳೆಗಷ್ಟೇ ಸೀಮಿತವಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಮಂದಿ ಸತ್ತರು, 13 ಮಂದಿ ಉಳಿದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ಆಗ ಸರ್ಕಾರ ತಪ್ಪು ಯಾರದೆಂದು ಕೇಳುತ್ತ ಕೂರಲಿಲ್ಲ.

ಬಿಲ್ ಕೊಡುವ ಪದ್ಧತಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿದೆ. ಅಲ್ಲಿ ನಿರ್ಲಕ್ಷ್ಯ ತೋರಿದವರು ಖರ್ಚು ತುಂಬಬೇಕು. ಬಿಲ್ಲಿನ ಅಂಜಿಕೆಗೆ ಜನ ತಡವಾಗಿ ಕೂಗುತ್ತಾರೆ, ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ ಎಂಬುದು ಅದಕ್ಕಿರುವ ಆಕ್ಷೇಪ. ಸ್ವಿಟ್ಜರ್‌ಲೆಂಡಿನಲ್ಲಿ 1952ರಲ್ಲಿ ಹುಟ್ಟಿದ ರೇಗಾ ಸಂಸ್ಥೆಗೆ ಜನ ವರ್ಷ ವರ್ಷ ವಂತಿಗೆ ಕೊಡುತ್ತಾರೆ. ಕೊಟ್ಟವರ ಖರ್ಚನ್ನು ಅದು ಮನ್ನಾ ಮಾಡಬಲ್ಲದು.

ಹೀಗೆ ಮುಂಗಡವಾಗಿ ಕೊಟ್ಟಿಡುವ ಏರ್ಪಾಡು ಹೊಳೆಸಾಲಿನಲ್ಲಿ ಮೊದಲೇ ಇತ್ತು. ಊರಿನ ಕೆಲಸಕ್ಕೆ ಬೆಳೆಯಲ್ಲಿ ಪಾಲು, ಅಂದರೆ ಆಯ, ಪಡೆಯುತ್ತಿದ್ದ ಹನ್ನೆರಡು ಆಯಗಾರರನ್ನು ಬೆರಳು ಮಡಚಿ ಎಣಿಸಿ ಬಾಯಿಪಾಠ ಮಾಡಿಸುತ್ತಿದ್ದ ಹಳೆಯ ಮೇಷ್ಟ್ರುಗಳ ಪಟ್ಟಿಯಲ್ಲಿ ಗೌಡ, ಶಾನುಭೋಗ, ತಳವಾರ, ನೀರುಗಂಟಿ ಇರುತ್ತಿದ್ದರು, ಅಂಬಿಗ ಇರುತ್ತಿರಲಿಲ್ಲ. ಆದರೂ ಹೊಳೆಯಿದ್ದ ಎಷ್ಟೋ ಊರುಗಳಲ್ಲಿ ಸುಗ್ಗಿಯ ಕಣದಲ್ಲಿ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಆ ಕಾಳು ಒಂದು ದಾಟಿಗೆ ಕೊಟ್ಟ ಕೂಲಿಯಲ್ಲ, ವರ್ಷವಿಡೀ ಹರಿಗೋಲು ದಡದಲ್ಲಿರಲೆಂದು ಕೊಟ್ಟದ್ದು. ವಚನಕಾರ ಅಂಬಿಗರ ಚೌಡಯ್ಯನ ಹೊಳೆಯಾದ ಇದೇ ತುಂಗಭದ್ರೆಯಲ್ಲಿ, ಮಾಗಳ ಊರಿನ ದಂಡೆಯಲ್ಲಿ, ಅದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಈಗ ಕಾಳು ನಿಂತಿದೆ, ಕರೆ ನಿಂತಿಲ್ಲ. ಮುಳುಗಿದವರನ್ನು ಹುಡುಕಲು ಮೊದಲು ಕೂಗುವುದು ಹರಿಗೋಲಿನವನನ್ನೇ. ಅವನು ಕಳೆದುಕೊಂಡ ದಿನದ ಮೀನು ಯಾವ ಲೆಕ್ಕಕ್ಕೂ ಬರುವುದಿಲ್ಲ. ವಸತಿಗೃಹ, ಟಿಕೆಟ್, ಚಾರಣದ ಶುಲ್ಕಗಳಿಂದ ಒಂದು ಪಾಲನ್ನು ಮುಂಗಡವಾಗಿ ತೆಗೆದಿಟ್ಟರೆ ಅದೇ ಹೊಸ ಆಯ.

ಆದರೂ ಗಂಟು ಪೂರ್ತಿ ಬಿಚ್ಚುವುದಿಲ್ಲ. ಎಚ್ಚರಿಕೆಯ ಫಲಕ ದಾಟಿ ಜಿಗಿದವನಿಗೂ ಅದೇ ಆಯ ಸಲ್ಲಬೇಕೆ? ಬದುಕಿ ಬಂದವನಿಗೆ ದಂಡ ಹಾಕಬಹುದು. ಶವಕ್ಕಾಗಿ ದಡದಲ್ಲಿ ಕಾದು ಕೂತ ತಾಯಿಯ ಮುಂದೆ ದಂಡದ ಚೀಟಿ ಹಿಡಿಯುವವರು ಯಾರು?